ಸೀಲ್ ಒಡೆಯದ ಹಳೆ ಡೀಸೆಲ್ ಎಂಜಿನ್ ಮಾಡೆಲ್ ಕೊಳ್ಳುವ ಮುನ್ನ ಇದನ್ನು ಓದಿ

ಎಚ್‌ಒ ಸ್ಕೇಲ್, ಅಂದರೆ ನಿಜವಾದ ರೈಲಿನ 87ನೇ ಒಂದು ಭಾಗದಷ್ಟಿರುವ ಮಾಡೆಲ್ ರೈಲಿನ ಡೀಸೆಲ್ ಎಂಜಿನ್ ಹುಡುಕುತ್ತಿದ್ದೀರಾ? "ಹಳೆ ಸ್ಟಾಕ್, ಒಂದು ಸಲವೂ ಓಡಿಸಿಲ್ಲ, ಸೀಲ್ ಕೂಡ ಒಡೆದಿಲ್ಲ" ಅನ್ನೋ ಮಾತಿಗೆ ಜಾಸ್ತಿ ದುಡ್ಡು ಕೊಡಬೇಡಿ. ಓಡಿಸದಿದ್ದರೆ ಚಕ್ರ ಸವೆಯೋದಿಲ್ಲ, ನಿಜ. ಆದರೆ ಡಬ್ಬಿಯೊಳಗೆ ಸುಮ್ನೆ ಕೂತಲ್ಲೇ ಹಾಳಾಗುವ ಭಾಗಗಳು ಇದರಲ್ಲಿವೆ. ನನಗೆ ಬಂದಿದ್ದು ಅಂಥದ್ದೇ ಎಂಜಿನ್. ಮಾರಿದವರು ದುಡ್ಡು ವಾಪಸ್ ಕೊಡಲಿಲ್ಲ.

ನಾನಿರುವುದು ಅಮೆರಿಕದ ಒಹಾಯೋದಲ್ಲಿ. ಬೆಳೆದಿದ್ದು ಬೆಂಗಳೂರಿನ ಕೃಷ್ಣರಾಜಪುರದ ಡೀಸೆಲ್ ಶೆಡ್ ಕಡೆ, ಡಬ್ಲ್ಯುಡಿಎಂ-2 ಎಂಜಿನ್‌ಗಳ ಸದ್ದು ಕೇಳಿಕೊಂಡು. ಆ ಎಂಜಿನ್ ಇಲ್ಲಿನ ಆಲ್ಕೋ ಕಂಪನಿಯ ವಿನ್ಯಾಸ. 1962ರಲ್ಲಿ ಭಾರತಕ್ಕೆ ಬಂತು. ಹಾಗಾಗಿ ಆಲ್ಕೋ ಅಂದರೆ ನನಗೆ ಸ್ವಲ್ಪ ಜಾಸ್ತಿಯೇ ಪ್ರೀತಿ. ಅದೇ ಕಂಪನಿ 1950ರಿಂದ 1956ರವರೆಗೆ ತಯಾರಿಸಿದ ಆರ್‌ಎಸ್-3 ಅನ್ನೋ ನಿಜವಾದ ಎಂಜಿನ್‌ನ ಮಾಡೆಲ್ ಮಾರಾಟಕ್ಕೆ ಬಂದಾಗ ಎಲ್ಲ ವಿಚಾರಿಸಿಯೇ ಕೊಂಡೆ. ಓಡಿಸಿ ನೋಡಿದ್ದೀರಾ ಅಂತ ಕೇಳಿದ್ದಕ್ಕೆ, "ನೋಡಿದ್ದೇವೆ, ಚೆನ್ನಾಗಿ ಓಡುತ್ತೆ" ಅಂದರು. ಒಂದು ವಿಡಿಯೋ ಕೂಡ ಕಳಿಸಿದರು. ಅದರಲ್ಲಿ ಎಂಜಿನ್ ನೇರ ಹಳಿಯ ಮೇಲೆ ಫುಲ್ ಸ್ಪೀಡಲ್ಲಿ ಹೋಯಿತು, ಅಷ್ಟೇ.

ಮನೆಗೆ ಬಂದ ಮೇಲೆ ನಿಧಾನವಾಗಿ ಬಿಟ್ಟರೆ ಟಕ್, ಟಕ್, ಟಕ್. ಚಕ್ರ ಒಂದು ಸುತ್ತು ಸುತ್ತಿದಾಗ ಒಂದು ಏಟು. ದಾರಿಯಲ್ಲಿ ಕಲ್ಲು ಸಿಕ್ಕ ಗಾಡಿಯ ಹಾಗೆ ಪ್ರತಿ ಸುತ್ತಿಗೂ ಒಂದು ಕುಪ್ಪಳಿಕೆ. ಸ್ಪೀಡ್ ಜಾಸ್ತಿ ಮಾಡಿದರೆ ಆ ಏಟುಗಳೆಲ್ಲ ಸೇರಿ ಗರಗರ ಸದ್ದಾಗುತ್ತದೆ, ಕುಂಟುವುದು ಕಣ್ಣಿಗೆ ಕಾಣುವುದೇ ಇಲ್ಲ. ವಿಡಿಯೋದಲ್ಲಿ ಫುಲ್ ಸ್ಪೀಡ್ ಯಾಕೆ ತೋರಿಸಿದ್ದರು ಅಂತ ಆಗ ತಿಳಿಯಿತು. ಆಮೇಲೆ ಹಳಿ ಕವಲೊಡೆಯುವ ಕಡೆ, ಅಂದರೆ ಪಾಯಿಂಟ್ ಬಂದಲ್ಲೆಲ್ಲ ಎಂಜಿನ್ ಹಳಿ ತಪ್ಪತೊಡಗಿತು.

ಎಂಜಿನ್ ಮಗುಚಿ ಹಾಕಿ, ಬೋಗಿಯ (ಎಂಜಿನ್ ಅಡಿಯಲ್ಲಿ ಚಕ್ರಗಳನ್ನು ಹಿಡಿದಿಡುವ ಜೋಡಣೆ) ಕೆಳಗಿನ ಮುಚ್ಚಳ ತೆಗೆದೆ. ಗ್ರೀಸ್ ಮೇಣದ ಹಾಗೆ ಗಟ್ಟಿಯಾಗಿ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಕೆರೆದು ನೋಡಿದರೆ, ಆಕ್ಸಲ್ ಮೇಲಿನ ಪ್ಲಾಸ್ಟಿಕ್ ಗೇರ್‌ನಲ್ಲಿ ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಬಿರುಕು. ಉಳಿದ ಆಕ್ಸಲ್‌ಗಳನ್ನೂ ಬಿಚ್ಚಿದೆ. ಒಂದರಲ್ಲೂ ಗೇರ್ ಸರಿಯಿರಲಿಲ್ಲ.

ಇದು ಯಾಕಾಗುತ್ತದೆ ಅಂದರೆ, ಈ ಬಗೆಯ ಎಂಜಿನ್‌ಗಳಲ್ಲಿ ಆಕ್ಸಲ್ ಒಂದೇ ಸರಳಲ್ಲ. ಎರಡು ಚಕ್ರಕ್ಕೂ ಅರ್ಧರ್ಧ ಲೋಹದ ಸರಳು. ನಡುವೆ ಪ್ಲಾಸ್ಟಿಕ್ ಗೇರ್. ಎರಡೂ ಸರಳುಗಳನ್ನು ಆ ಗೇರ್‌ನ ತೂತಿಗೆ ಬಿಗಿಯಾಗಿ ಒತ್ತಿ ಕೂರಿಸಿರುತ್ತಾರೆ. ಎರಡು ಹಳಿಗಳ ವಿದ್ಯುತ್ ಒಂದಕ್ಕೊಂದು ತಾಗದಂತೆ ತಡೆಯುವುದೂ ಆ ಪ್ಲಾಸ್ಟಿಕ್ಕೇ. ಆ ಬಿಗಿತದ ಒತ್ತಡ ಎಂಜಿನ್ ಓಡಲಿ ಬಿಡಲಿ ಹಗಲೂ ರಾತ್ರಿ ಇದ್ದೇ ಇರುತ್ತದೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಸೀಳುತ್ತದೆ. ಸೀಳಿದಲ್ಲಿ ಹಲ್ಲುಗಳ ನಡುವಿನ ಅಂತರ ಹಿಗ್ಗುತ್ತದೆ, ಅದಕ್ಕೇ ಆ ಟಕ್ ಸದ್ದು. ಹಿಡಿತ ಸಡಿಲವಾಗಿ ಚಕ್ರ ಅತ್ತಿತ್ತ ಜಾರುತ್ತದೆ, ಗೇಜ್, ಅಂದರೆ ಎರಡು ಚಕ್ರಗಳ ನಡುವಿನ ಅಳತೆ, ತಪ್ಪುತ್ತದೆ. 16.5 ಮಿಲಿಮೀಟರ್ ಅಗಲದ ಹಳಿಯ ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಆದರೂ ಪಾಯಿಂಟ್‌ನಲ್ಲಿ ಹಳಿ ತಪ್ಪಬಹುದು ಅಲ್ವಾ?

ಅಂಟು ಹಾಕಿ ನೋಡೋಣ ಅನ್ನಬೇಡಿ. ಇಂಥ ಗೇರ್ ಹೆಚ್ಚಾಗಿ ಅಸಿಟಾಲ್ ಥರದ ಜಾರು ಪ್ಲಾಸ್ಟಿಕ್ಕು, ಅಂಟು ಅದಕ್ಕೆ ಹಿಡಿಯುವುದಿಲ್ಲ. ಹಿಡಿದರೂ ಹಿಗ್ಗಿದ ಅಂತರ ಹಾಗೇ ಉಳಿಯುತ್ತದೆ. ಗೇರ್ ಬದಲಿಸುವುದೊಂದೇ ದಾರಿ.

ಮಾರಿದವರಿಗೆ ಫೋಟೋ ಸಮೇತ ಬರೆದೆ. "ಡಬ್ಬಿಯಲ್ಲಿ ಇದ್ದ ಹಾಗೇ ಕಳಿಸಿದ್ದೇವೆ. ನೀವು ಬಿಚ್ಚಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ" ಅಂತ ಉತ್ತರ ಬಂತು. ಬಿಚ್ಚದೆ ಒಳಗಿನ ಬಿರುಕು ಕಾಣುವುದು ಹೇಗೆ? ಸೀಲ್ ಒಡೆದಿಲ್ಲ ಅನ್ನುವವರು ಓಡಿಸಿ ನೋಡಿದ್ದು ಹೇಗೆ? ಇದಕ್ಕೆ ಅವರು ಇವತ್ತಿಗೂ ಉತ್ತರ ಕೊಟ್ಟಿಲ್ಲ. ನನಗೆ ಹೊಟ್ಟೆ ಉರಿಯುವುದು ಇದೇ ವಿಷಯಕ್ಕೆ.

ಹಾಗಾಗಿ ವಿಡಿಯೋ ಕೇಳುವಾಗ ಸ್ಪಷ್ಟವಾಗಿ ಹೇಳಿ: ಆದಷ್ಟು ನಿಧಾನಕ್ಕೆ, ಮುಂದಕ್ಕೂ ಹಿಂದಕ್ಕೂ, ಪಾಯಿಂಟ್ ಮೇಲೂ ಓಡಿಸಿ ತೋರಿಸಿ, ಸದ್ದು ಕೇಳಿಸುವ ಹಾಗಿರಲಿ. ಆಗುವುದಿಲ್ಲ ಅಂದರೆ ಬಿಟ್ಟುಬಿಡಿ, ಎಷ್ಟೇ ಅಪರೂಪದ ಎಂಜಿನ್ ಆಗಿರಲಿ. ಕೈಗೆ ಸಿಕ್ಕಿದರೆ ಇನ್ನೂ ಸುಲಭ. ಒಂದು ಚಕ್ರವನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಅದೇ ಆಕ್ಸಲ್‌ನ ಇನ್ನೊಂದು ಚಕ್ರವನ್ನು ಮೆಲ್ಲಗೆ ತಿರುಗಿಸಿ. ಅದು ಬೇರೆಯಾಗಿ ತಿರುಗಿದರೆ ಗೇರ್ ಹೋಗಿದೆ ಅಂತಲೇ ಲೆಕ್ಕ. ಎರಕದ ಚೌಕಟ್ಟನ್ನೂ ನೋಡಿ. ಸತು ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಶ ಸೇರಿದ್ದರೆ ಅದು ಕಾಲಕ್ರಮೇಣ ಉಬ್ಬಿ, ಬಾಗಿ, ಪುಡಿಯಾಗುತ್ತದೆ. ಗೇರ್ ಬದಲಿಸಬಹುದು, ಆದರೆ ಪುಡಿಯಾದ ಚೌಕಟ್ಟಿಗೆ ರಿಪೇರಿ ಇಲ್ಲ.

ಡಿಸಿಸಿ ಡಿಕೋಡರ್ (ಹಳಿಯ ಮೂಲಕ ಬರುವ ಡಿಜಿಟಲ್ ಆದೇಶದಂತೆ ಎಂಜಿನ್ ಓಡಿಸುವ ಪುಟ್ಟ ಸರ್ಕ್ಯೂಟ್) ಹಾಕುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಮೊದಲು ಸಾದಾ 12 ವೋಲ್ಟ್ ಡಿಸಿಯಲ್ಲಿ ಓಡಿಸಿ. ಹಳೆ ಗ್ರೀಸ್ ತೊಳೆದು, ಪ್ಲಾಸ್ಟಿಕ್‌ಗೆ ಒಗ್ಗುವ ಹೊಸ ಗ್ರೀಸ್ ಹಚ್ಚಿ. ಮೋಟರ್ ತಡೆದು ನಿಂತಾಗ ಎಷ್ಟು ಕರೆಂಟ್ ಎಳೆಯುತ್ತದೆ ಅಂತ ಮೀಟರ್ ಇಟ್ಟು ಒಂದು ಕ್ಷಣ ಅಳೆಯಿರಿ. ಅದು ಡಿಕೋಡರ್‌ನ ಮಿತಿಗಿಂತ ಜಾಸ್ತಿ ಇದ್ದರೆ, ಗೇರ್ ಸಿಕ್ಕಿಕೊಂಡ ದಿನ ಡಿಕೋಡರ್ ಸುಟ್ಟು ಹೋಗಬಹುದು.

ಊರಿನಲ್ಲಿರುವ ಅಣ್ಣನಿಗೋ ಮಕ್ಕಳಿಗೋ ಅಂತ ಇಲ್ಲಿಂದ ಎಂಜಿನ್ ಒಯ್ಯುವವರು ತುಂಬ ಜನ ಇದ್ದೀರಿ. ಅಲ್ಲಿಂದ ವಾಪಸ್ ಕಳಿಸುವುದು ಆಗದ ಮಾತು. ಉಡುಗೊರೆ ಡಬ್ಬಿ ಹೊಸದಾಗಿಯೇ ಇರಲಿ ಅಂತ ಹಾಗೇ ಸೂಟ್‌ಕೇಸಿಗೆ ಹಾಕಬೇಡಿ. ಸೀಲ್ ಒಡೆಯಿರಿ, ಓಡಿಸಿ, ವಾಪಸ್ ಮಾಡುವ ಅವಧಿ ಮುಗಿಯುವುದರೊಳಗೆ ಬೋಗಿ ಬಿಚ್ಚಿ ನೋಡಿ. ಆ ಮಾಡೆಲ್‌ಗೆ ಹೊಂದುವ ಬಿಡಿ ಗೇರ್ ಸಿಕ್ಕಿದರೆ ಒಂದು ಸೆಟ್ ಜೊತೆಗೇ ಕೊಟ್ಟು ಕಳಿಸಿ.