ಹಲ್ಲು ಕಿತ್ತ ವೈರಸ್‌ಗಳ ಪ್ರದರ್ಶನ: ಮಾಲ್‌ವೇರ್ ಮ್ಯೂಸಿಯಂ

ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ 2016ರ ಫೆಬ್ರವರಿಯಲ್ಲಿ ಆರಂಭವಾದ ‘ಮಾಲ್‌ವೇರ್ ಮ್ಯೂಸಿಯಂ’, 1980 ಮತ್ತು 90ರ ದಶಕಗಳಲ್ಲಿ ಡಾಸ್ (ವಿಂಡೋಸ್‌ಗಿಂತ ಮುಂಚಿನ ಕಾರ್ಯಾಚರಣ ವ್ಯವಸ್ಥೆ) ಕಂಪ್ಯೂಟರುಗಳನ್ನು ಕಾಡಿದ ವೈರಸ್‌ಗಳ ಉಚಿತ ಸಂಗ್ರಹ. ಫಿನ್‌ಲೆಂಡಿನ ಭದ್ರತಾ ತಜ್ಞ ಮಿಕ್ಕೊ ಹಿಪ್ಪೊನೆನ್ ಅವರು ಜೋಡಿಸಿಕೊಟ್ಟ ಈ ಮಾದರಿಗಳಿಂದ ಹಾನಿಯೆಸಗುವ ಭಾಗಗಳನ್ನು ತೆಗೆದುಹಾಕಿ, ಅವು ಪರದೆಯ ಮೇಲೆ ಆಡುತ್ತಿದ್ದ ಆಟವನ್ನು ಮಾತ್ರ ಉಳಿಸಿಕೊಳ್ಳಲಾಗಿದೆ. ಹಳೆಯ ಡಾಸ್ ಯಂತ್ರವನ್ನು ಅನುಕರಿಸುವ ತಂತ್ರಾಂಶವು ಬ್ರೌಸರಿನೊಳಗೇ ಓಡುವುದರಿಂದ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ.

ಮೊದಲು ನೋಡಬೇಕಾದದ್ದು ‘ಕ್ಯಾಸ್ಕೇಡ್’. ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಕಳಚಿ, ಕೆಳಗೆ ಬಿದ್ದು ರಾಶಿಯಾಗುತ್ತವೆ. ಇದರ ಒಂದು ಮುಖ್ಯ ರೂಪದ ಗಾತ್ರ ಬರೀ 1701 ಬೈಟ್‌. ಅಷ್ಟರಲ್ಲೇ ತನ್ನ ಸಂಕೇತವನ್ನು ಗೂಢಲಿಪಿಯಲ್ಲಿ ಬಚ್ಚಿಡುವ ಜಾಣತನವೂ ಇತ್ತು. ನನ್ನ ದೃಷ್ಟಿಯಲ್ಲಿ ಸಂಗ್ರಹದ ಅತ್ಯುತ್ತಮ ಮಾದರಿ ‘ಕ್ಯಾಸಿನೊ’. ಡಿಸ್ಕಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ಪಟ್ಟಿಯನ್ನು ಅಳಿಸಿ, ಅದರ ಒಂದು ಪ್ರತಿಯನ್ನು ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್‌ನಲ್ಲಿಟ್ಟುಕೊಂಡು, ಐದು ಅವಕಾಶ ಕೊಟ್ಟು ಜೂಜಿಗೆ ಕರೆಯುತ್ತಿದ್ದ ವೈರಸ್ ಇದು. ಗೆದ್ದರೆ ಪಟ್ಟಿ ವಾಪಸ್ಸು, ಸೋತರೆ ಇಲ್ಲ. ಗಾಬರಿಯಿಂದ ಸ್ವಿಚ್ ಆರಿಸಿದರೆ ರ‍್ಯಾಮ್‌ನಲ್ಲಿದ್ದ ಪ್ರತಿಯೂ ಹೋಯಿತು. ಇಲ್ಲಿ ಸೋತರೂ ಏನೂ ಆಗದೆಂದು ಗೊತ್ತಿದ್ದೂ ಕೀಲಿ ಒತ್ತಲು ಕೈ ಹಿಂಜರಿಯುತ್ತದೆ. ಪರದೆಯ ಅಡಿಯಲ್ಲಿ ಆಂಬುಲೆನ್ಸ್ ಓಡಿಸುವ ವೈರಸ್ ಮಕ್ಕಳಿಗೆ ಹಿಡಿಸಬಹುದು. ಅದಕ್ಕಿಂತ ಹೆಚ್ಚೇನೂ ಅದರಲ್ಲಿಲ್ಲ.

ಆದರೆ ಇದನ್ನೇ ವೈರಸ್‌ಗಳ ಇತಿಹಾಸವೆಂದು ತಿಳಿದರೆ ದಾರಿ ತಪ್ಪುತ್ತದೆ. ನೋಡಲು ಚೆಂದವಿದ್ದವಕ್ಕೆ ಇಲ್ಲಿ ಮಣೆ ಹಾಕಲಾಗಿದೆ. ಇತಿಹಾಸವನ್ನು ತಿರುಗಿಸಿದವು ಸಾಮಾನ್ಯವಾಗಿ ಸದ್ದಿಲ್ಲದವು. ಪಿಸಿಗಳ ಮೊದಲ ವೈರಸ್ ಎಂದು ಹೆಸರಾದ, 1986ರಲ್ಲಿ ಲಾಹೋರಿನ ಇಬ್ಬರು ಸೋದರರು ಬರೆದ ‘ಬ್ರೇನ್’ ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ (ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಭಾಗ) ಅಡಗಿ ಕೂರುತ್ತಿತ್ತು. ತನ್ನೊಳಗೆ ಅವರ ವಿಳಾಸ, ಫೋನ್ ಸಂಖ್ಯೆಗಳನ್ನು ಹೊತ್ತಿದ್ದರೂ ಬಳಕೆದಾರರ ಕಣ್ಣಿಗೆ ಬೀಳುತ್ತಿದ್ದುದು ಡಿಸ್ಕಿನ ಬದಲಾದ ಹೆಸರಷ್ಟೇ. 1988ರ ನವೆಂಬರಿನಲ್ಲಿ ಅಂತರಜಾಲವನ್ನು ತತ್ತರಿಸುವಂತೆ ಮಾಡಿದ ಮಾರಿಸ್ ವರ್ಮ್‌ಗೆ ತೋರಿಸಲು ಚಿತ್ರವೇ ಇರಲಿಲ್ಲ. ವೈರಸ್ಸಿನಂತೆ ಬೇರೊಂದು ಪ್ರೋಗ್ರಾಮಿಗೆ ಅಂಟಿಕೊಳ್ಳದೆ ತಾನಾಗಿಯೇ ಹಬ್ಬಿದ ಅದು, ಒಂದೇ ಯಂತ್ರವನ್ನು ಮತ್ತೆಮತ್ತೆ ಹೊಕ್ಕು ನಿಧಾನಗೊಳಿಸಿತು. 1989ರ ಏಡ್ಸ್ ಟ್ರೋಜನ್ ಅಂಚೆಯಲ್ಲಿ ಬಂದ ಫ್ಲಾಪಿಯ ವೇಷ ತೊಟ್ಟಿತ್ತು. ಬಳಕೆದಾರರೇ ತಮ್ಮ ಕೈಯಾರೆ ಅದನ್ನು ಓಡಿಸುವಂತೆ ಮಾಡಿ, ಕಡತಗಳ ಹೆಸರುಗಳನ್ನು ಕಲಸಿ, ಪನಾಮಾದ ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಲು ಹೇಳುತ್ತಿತ್ತು. ಇಂದಿನ ರ‍್ಯಾನ್ಸಮ್‌ವೇರ್ (ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ ತಂತ್ರಾಂಶ) ಹಾವಳಿಯ ಬೇರು ಅಲ್ಲಿದೆಯೇ ಹೊರತು ಉದುರುವ ಅಕ್ಷರಗಳಲ್ಲಿ ಅಲ್ಲ.

ಕಂಪ್ಯೂಟರ್ ಪಾಠ ಮಾಡುವವರಿಗೆ ಈ ಸಂಗ್ರಹವನ್ನು ಧಾರಾಳವಾಗಿ ಸೂಚಿಸುತ್ತೇನೆ. ಆದರೆ ಹರಡುವ ಬಗೆಯನ್ನು ಅವರು ಬೋರ್ಡಿನ ಮೇಲೆ ಬೇರೆಯಾಗಿಯೇ ವಿವರಿಸಬೇಕಾಗುತ್ತದೆ, ಏಕೆಂದರೆ ಈ ಮಾದರಿಗಳಲ್ಲಿ ಕಾಣುವುದು ಪರದೆಯ ಮೇಲಿನ ಆಟ ಮಾತ್ರ. ‘ಕ್ಯಾಸಿನೊ’ದಂಥವಕ್ಕೆ ಕೀಲಿಮಣೆ ಬೇಕಾಗುವುದರಿಂದ ಫೋನಿಗಿಂತ ಲ್ಯಾಪ್‌ಟಾಪಿನಲ್ಲಿ ನೋಡುವುದು ಲೇಸು.