ಒಂದೇ ಬಿಲ್ಲು, ಮೂರು ಬಗೆಯ ಕಾರ್ಬನ್ ಬಾಣ: ಯಾವುದು ಹೊಂದಿತು?

ನನ್ನದು ಮರದ ಲಾಂಗ್‌ಬೋ. ಅದರ ಮೇಲೆ ಬರೆದಿರುವುದು 28 ಇಂಚಿಗೆ 45 ಪೌಂಡ್, ಅಂದರೆ ಅಷ್ಟು ದೂರ ಎಳೆದು ಹಿಡಿಯಲು ಬೇಕಾಗುವ ಬಲ. ನಾನು ಎಳೆಯುವುದು 27 ಇಂಚು ಮಾತ್ರ, ಹಾಗಾಗಿ ಕೈಗೆ ಸಿಗುವುದು 43ರ ಆಸುಪಾಸು. ಇದಕ್ಕೆ 400, 500, 600 ಸ್ಪೈನಿನ ಶಾಫ್ಟುಗಳನ್ನು (ಬಾಣದ ಕೋಲುಗಳನ್ನು) ಮೂರು ವಾರ ಹೊಡೆದು ನೋಡಿದೆ. ಸ್ಪೈನ್ ಎಂದರೆ ಬಾಗುವಿಕೆಯ ಅಳತೆ: 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಶಾಫ್ಟ್ ಇಟ್ಟು ನಡುವೆ 1.94 ಪೌಂಡ್ ತೂಗಿಬಿಟ್ಟಾಗ ಅರ್ಧ ಇಂಚು ಜಗ್ಗಿದರೆ ಅದು 500. ಅಂಕಿ ಏರಿದಷ್ಟೂ ಶಾಫ್ಟ್ ಮೆದು. ಇದನ್ನು ತಿರುವುಮುರುವಾಗಿ ತಿಳಿದುಕೊಂಡೇ ಮೊದಲು 400 ತಂದಿದ್ದೆ!

ಇಂಥ ಬಿಲ್ಲಿನಲ್ಲಿ ಬಾಣ ಕೂರುವುದು ಹಿಡಿಯ ಪಕ್ಕಕ್ಕೆ, ಹೆದೆಯ ನೇರಕ್ಕಲ್ಲ. ಬೆರಳು ಬಿಟ್ಟೊಡನೆ ಅದು ಬಾಗಿ, ಹಿಡಿಯನ್ನು ಬಳಸಿಕೊಂಡು ಹೋಗಬೇಕು. ಗರಿಯಿದ್ದರೆ ತಪ್ಪು ಮುಚ್ಚಿಹೋಗುತ್ತದೆ, ಅದಕ್ಕೇ ಪ್ರತಿ ಬಗೆಯಲ್ಲೂ ಗರಿಯಿರುವ ಮೂರು, ಗರಿಯಿಲ್ಲದ ಎರಡು ಬಾಣಗಳನ್ನು 15 ಮೀಟರಿನಿಂದ ಹೊಡೆದೆ. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಗಡಸು, ಬಲಕ್ಕೆ ಬಿದ್ದರೆ ಮೆದು. ಮೇಲೆ ಕೆಳಗೆ ಬೀಳುವುದು ನಾಕಿಂಗ್ ಪಾಯಿಂಟಿನ (ಹೆದೆಯ ಮೇಲೆ ಬಾಣದ ಬುಡ ಕೂರುವ ಜಾಗದ) ದೋಷ, ಅದನ್ನು ಮೊದಲೇ ಸರಿಮಾಡಿಕೊಂಡಿದ್ದೆ.

ಮೊನೆ ಭಾರವಾದಷ್ಟೂ, ಶಾಫ್ಟ್ ಉದ್ದವಾದಷ್ಟೂ ಬಾಣ ಹೆಚ್ಚು ಬಾಗುತ್ತದೆ, ಅಂದರೆ ಮೆದುವಾದಂತೆ ನಡೆದುಕೊಳ್ಳುತ್ತದೆ. ಹೊಂದಿಸಲು ನನ್ನ ಕೈಯಲ್ಲಿದ್ದದ್ದು ಇವೆರಡೇ. 400ರದ್ದು ಚಿಕ್ಕ ಕಥೆ. 31 ಇಂಚಿನ ಪೂರ್ತಿ ಶಾಫ್ಟಿಗೆ 125 ಗ್ರೇನ್ (ಸುಮಾರು 8 ಗ್ರಾಂ) ಮೊನೆ ಹಾಕಿದರೆ ಮೊಳದಷ್ಟು ಎಡಕ್ಕೆ, 200 ಹಾಕಿದರೂ ಗೇಣಿನಷ್ಟು ಎಡಕ್ಕೆ. ಅಲ್ಲಿಗೇ ಬಿಟ್ಟೆ.

ಕಾಡಿಸಿದ್ದು 600. ಅದೂ 31 ಇಂಚು, 125 ಗ್ರೇನ್. ಇಷ್ಟು ಮೆದುವಾದ ಶಾಫ್ಟ್ ಬಲಕ್ಕೆ ಹೋಗಬೇಕಿತ್ತು, ಹೋಗಿದ್ದು ಎಡಕ್ಕೆ. ಹಾಗಾದರೆ ಇದೂ ಗಡಸೇ ಎಂದುಕೊಂಡು ಮೊನೆಯನ್ನು 175ಕ್ಕೆ ಏರಿಸಿದೆ. ಇನ್ನಷ್ಟು ಎಡಕ್ಕೆ ಹೋಯಿತು, ಜೊತೆಗೆ ಪ್ರತಿ ಸಲವೂ ಟಕ್ ಎಂಬ ಸದ್ದು. ಎರಡು ಸಂಜೆ ನನ್ನ ಬೆರಳುಗಳನ್ನೇ ಬೈದುಕೊಂಡೆ. ಆಮೇಲೆ ಬಿಲ್ಲಿನ ಪಕ್ಕದ ಚರ್ಮದ ಪಟ್ಟಿ ನೋಡಿದರೆ ಬಾಣ ಉಜ್ಜಿದ ಕಪ್ಪು ಗೆರೆ. ಬಾಣ ಅತಿಯಾಗಿ ಬಾಗಿ, ಅದರ ಹಿಂಭಾಗ ಹಿಡಿಗೆ ಬಡಿದು ಎಡಕ್ಕೆ ಚಿಮ್ಮುತ್ತಿತ್ತು. ನೋಡುವುದಕ್ಕೆ ಗಡಸು, ನಿಜದಲ್ಲಿ ಮೆದು. ಮೊನೆಯನ್ನು 100ಕ್ಕೆ ಇಳಿಸಿದಾಗ ಸದ್ದು ನಿಂತಿತು, ಬಾಣ ನ್ಯಾಯವಾಗಿ ಬಲಕ್ಕೆ ಹೋಯಿತು. ಮುಂದೆ ಕಾಲಿಂಚಿನಂತೆ ಕತ್ತರಿಸುತ್ತಾ ಬಂದೆ (ಉಜ್ಜುವ ಚಕ್ರದ ಗರಗಸದಲ್ಲಿ, ಮೂಗಿಗೆ ಮಾಸ್ಕ್ ಹಾಕಿಕೊಂಡು, ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ). 29 ಇಂಚಿಗೆ ಬಂದಾಗ ಬೋಳು ಬಾಣ ಗರಿಯವುಗಳ ಜೊತೆಗೇ ನಾಟಿತು.

500ಕ್ಕೆ ಗರಗಸವೇ ಬೇಕಾಗಲಿಲ್ಲ. 31 ಇಂಚು ಹಾಗೇ ಉಳಿಸಿ ಮೊನೆಗಳನ್ನಷ್ಟೇ ಬದಲಿಸಿದೆ: 125ಕ್ಕೆ ಎಡ, 175ಕ್ಕೆ ನಾಲ್ಕು ಬೆರಳು ಎಡ, 200ಕ್ಕೆ ಹತ್ತಿರ ಹತ್ತಿರ ಒಂದೇ ಕಡೆ.

ಹಾಗೆ ಎರಡು ಹೊಂದಿದವು, ಆದರೆ ಸ್ವಭಾವ ಬೇರೆ. ಕತ್ತರಿಸಿದ 600ರ ಒಟ್ಟು ತೂಕ ಸುಮಾರು 340 ಗ್ರೇನ್, ಬಿಲ್ಲಿನ ಎಳೆತದ ಪೌಂಡಿಗೆ 8 ಗ್ರೇನೂ ಇಲ್ಲ. ವೇಗವಾಗಿ, ಚಪ್ಪಟೆಯಾಗಿ ಹೋಗುತ್ತದೆ ನಿಜ, ಆದರೆ ಬಿಟ್ಟಾಗ ಬಿಲ್ಲು ಅದುರುತ್ತದೆ, ಅಷ್ಟು ಹಗುರ ಬಾಣವನ್ನು ದಿನವೂ ಹೊಡೆದು ಬಿಲ್ಲನ್ನು ದಣಿಸಲು ನನಗೆ ಮನಸ್ಸಿಲ್ಲ. 500ರದ್ದು 480ರ ಹತ್ತಿರ. 30 ಮೀಟರಿಗೆ ಹೋದರೆ ಗುರಿಯನ್ನು ಕಣ್ಣಿಗೆ ಕಾಣುವಷ್ಟು ಮೇಲಿಡಬೇಕು. ಬಿಲ್ಲು ಮಾತ್ರ ಸದ್ದಿಲ್ಲದೆ ಬಿಡುತ್ತದೆ, ನನ್ನ ಬೆರಳು ಎಡವಿದ ಹೊಡೆತಗಳೂ ಅಷ್ಟಾಗಿ ಚದುರುವುದಿಲ್ಲ.

ನನ್ನ ಆಯ್ಕೆ 500. ಮೊನೆಯನ್ನು ಬಿಚ್ಚಿ ಬದಲಿಸಬಹುದು, ಕತ್ತರಿಸಿದ ಕಾರ್ಬನ್ ಮತ್ತೆ ಬೆಳೆಯುವುದಿಲ್ಲ. ಕೊನೆಗೂ ಉಳಿದಿದ್ದ ಎರಡು ಬೆರಳಿನ ಎಡವಾಲಿಕೆಗೆ ಪಕ್ಕದ ದಪ್ಪ ಚರ್ಮ ಕಿತ್ತು ತೆಳುವಾದದ್ದು ಅಂಟಿಸಿದೆ. ಬಾಣ ಹೆದೆಯ ನೇರಕ್ಕೆ ಕೂದಲೆಳೆಯಷ್ಟು ಸರಿಯಿತು, ಅಷ್ಟೇ ಸಾಕಾಯಿತು.