ಬಾಗಿಲು ಹೆರೆಯುವ ಮೊದಲು ಚೌಕಟ್ಟಿಗೆ ದಾರ ಕಟ್ಟಿ ನೋಡಿ

ನಮ್ಮ ಮಲಗುವ ಕೋಣೆಯ ಬಾಗಿಲನ್ನು ನಾನು ನಾಲ್ಕು ಸಲ ಹೆರೆದೆ. ಮೂರು ಸಲ ಕೀಸುಳಿಯ ಬಾಯಿಂದ ಚೆಂದದ ಸುರುಳಿ ಬಂತು. ನಾಲ್ಕನೆಯ ಸಲ ಸುರುಳಿ ನಿಂತು ಪುಡಿ ಉದುರಿತು. ಬಗ್ಗಿ ನೋಡಿದರೆ ಅಂಚಿಗೆ ಅಂಟಿಸಿದ್ದ ಮರದ ಪಟ್ಟಿ ಮುಗಿದು ಒಳಗಿನ ಪಾರ್ಟಿಕಲ್ ಬೋರ್ಡ್ ಹಲ್ಲು ಕಿರಿಯುತ್ತಿತ್ತು. ಇಷ್ಟಾದರೂ ಬಾಗಿಲು ನೆಟ್ಟಗೆ ಮುಚ್ಚಲಿಲ್ಲ. ಮೇಲ್ಗಡೆ ಚೌಕಟ್ಟಿಗೆ ತಾಗಿ ನಿಂತರೆ ಕೆಳಗಡೆ ಒಂದು ಬೆರಳು ಹೊರಗೆ. ಪಾದದಿಂದ ಒತ್ತಿ ಹಿಡಿದರಷ್ಟೇ ಚಿಲಕ ಕೂರುತ್ತಿತ್ತು.

ಕೊನೆಗೆ ವಯಸ್ಸಾದ ಆಚಾರಿಯೊಬ್ಬರನ್ನು ಕರೆದೆ. ಅವರು ಬಾಗಿಲನ್ನು ಮುಟ್ಟಲೇ ಇಲ್ಲ. ಅಂಚಿನ ಮೇಲೊಮ್ಮೆ ಕಣ್ಣಾಡಿಸಿ, "ಇದನ್ನ ಯಾಕೆ ಹೆರೆದಿರಿ ಸಾರ್?" ಎಂದರು.

"ಉಜ್ಜುತ್ತಿತ್ತು ಆಚಾರ್ರೇ."

"ಉಜ್ಜಿದ ಗುರುತೆಲ್ಲಿ?"

ಗುರುತು ಇರಲಿಲ್ಲ. ಉಜ್ಜಿದ್ದರೆ ತಾನೆ ಇರಲು! ಮುಚ್ಚದ ಬಾಗಿಲು ಎಲ್ಲೋ ಉಜ್ಜುತ್ತಿರಲೇಬೇಕು ಎಂದು ನಾನೇ ತೀರ್ಮಾನ ಮಾಡಿಕೊಂಡು ಕೀಸುಳಿ ಹಿಡಿದಿದ್ದೆ. ಚೌಕಟ್ಟಿನ ಒಳ ಅಂಚಿಗೆ ಒಂದು ಬಣ್ಣದ ಸೀಮೆಸುಣ್ಣ ಬಳಿದು ಬಾಗಿಲು ಮುಚ್ಚಿ ತೆಗೆದಿದ್ದರೆ ಸಾಕಿತ್ತು. ಉಜ್ಜುವ ಜಾಗದಲ್ಲಿ ಬಣ್ಣ ಬಾಗಿಲಿಗೆ ಹತ್ತುತ್ತದೆ, ಹತ್ತದಿದ್ದರೆ ರೋಗ ಬೇರೆ ಕಡೆ ಇದೆ. ಈ ಒಂದು ನಿಮಿಷದ ಪರೀಕ್ಷೆ ನನ್ನ ಬಾಗಿಲನ್ನು ಉಳಿಸುತ್ತಿತ್ತು.

ಆಮೇಲೆ ಅವರು ಚೀಲದಿಂದ ದಾರದುಂಡೆ ತೆಗೆದರು. ಚೌಕಟ್ಟಿನ ಮುಖದ ನಾಲ್ಕು ಮೂಲೆಗೂ ಸಣ್ಣ ಮೊಳೆ ಹೊಡೆದು, ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ದಾರ ಬಿಗಿದರು. ಚೌಕಟ್ಟು ಸಮತಟ್ಟಾಗಿದ್ದರೆ ನಡುವೆ ಎರಡು ದಾರಗಳೂ ಒಂದನ್ನೊಂದು ಮುತ್ತಿಟ್ಟ ಹಾಗೆ ತಾಗಿ ನಿಲ್ಲಬೇಕು. ನಮ್ಮಲ್ಲಿ ನಡುವೆ 7 ಮಿ.ಮೀ. ಜಾಗವಿತ್ತು. "ನಡುವೆ ಏಳು ಅಂದರೆ ಮೂಲೆಯಲ್ಲಿ ಹದಿನಾಲ್ಕು. ಬಾಗಿಲಲ್ಲಿ ತಪ್ಪಿಲ್ಲ ಸಾರ್, ಚೌಕಟ್ಟು ತಿರುಚಿಕೊಂಡಿದೆ" ಎಂದರು. ಅಳತೆಪಟ್ಟಿ ಹಿಡಿದೆ. ನಾನು ಪಾದದಿಂದ ಒತ್ತುತ್ತಿದ್ದ ಆ ಬೆರಳಗಲ ಸರಿಯಾಗಿ 14 ಮಿ.ಮೀ. ಇತ್ತು.

ನೀವು ಈ ಪರೀಕ್ಷೆ ಮಾಡುವಾಗ ಒಂದು ಎಚ್ಚರ. ನಡುವೆ ಯಾವ ದಾರ ಮುಂದೆ, ಯಾವುದು ಹಿಂದೆ ಎನ್ನುವುದನ್ನು ಬದಲಿಸಿ ಎರಡು ಸಲ ನೋಡಿ. ಒಂದು ಕ್ರಮದಲ್ಲಿ ದಾರಗಳು ಒಂದನ್ನೊಂದು ತಳ್ಳಿಕೊಂಡು ನಿಂತು, ತಾಗಿದಂತೆಯೇ ಕಂಡು ಮೋಸ ಮಾಡುತ್ತವೆ. ಇನ್ನೊಂದು ಕ್ರಮದಲ್ಲಿ ನಿಜ ಬಯಲಾಗುತ್ತದೆ.

ಕರ್ಣ ಅಳೆದಿರಲಿಲ್ಲವೇ ಎಂದು ನೀವು ಕೇಳಬಹುದು. ಅಳೆದಿದ್ದೆ, ಎರಡೂ ಕರ್ಣ ಸಮವಾಗಿದ್ದವು, ಅದೇ ಧೈರ್ಯದಲ್ಲಿ ಗಾರೆ ತುಂಬಿಸಿದ್ದೆ. ಕರ್ಣ ಸಮವಾಗಿದ್ದರೆ ಮೂಲೆಗಳು ನೇರ ಎಂದಷ್ಟೇ ಅರ್ಥ. ಚೌಕಟ್ಟಿನ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ವಾಲಿದ್ದರೆ ಕರ್ಣಗಳು ಆ ಗುಟ್ಟು ಬಿಡುವುದಿಲ್ಲ. 14 ಮಿ.ಮೀ. ತಿರುಚಿದರೂ ಕರ್ಣದ ಉದ್ದದಲ್ಲಿ ಪಟ್ಟಿಯಲ್ಲಿ ಓದಬಹುದಾದಷ್ಟು ವ್ಯತ್ಯಾಸವೂ ಆಗದು.

ಹಾಗಾದರೆ ಅದು ತಿರುಚಿದ್ದು ಹೇಗೆ? ಇಲ್ಲಿ ತಪ್ಪು ನನ್ನದೇ, ಯಾಕೆಂದರೆ ಚೌಕಟ್ಟು ನಿಲ್ಲಿಸಿದ ದಿನ ರಸಮಟ್ಟ (ಒಳಗಿನ ಗುಳ್ಳೆ ನೋಡಿ ನೇರ ತಿಳಿಯುವ ಪಟ್ಟಿ) ಹಿಡಿದವನು ನಾನು. ಮೇಸ್ತ್ರಿ ಬೆಣೆ ಬಡಿಯುತ್ತಿದ್ದ, ನಾನು "ಸರಿ, ಸರಿ, ನಿಲ್ಲಿಸು" ಎನ್ನುತ್ತಿದ್ದೆ. ನನ್ನ ರಸಮಟ್ಟ 30 ಸೆ.ಮೀ. ಉದ್ದದ್ದು, ಒಂದೆರಡು ಸಲ ಏಣಿಯ ಮೇಲಿಂದ ಬಿದ್ದದ್ದು. ಅದು ತನ್ನ ಉದ್ದಕ್ಕೆ 1 ಮಿ.ಮೀ. ಸುಳ್ಳು ಹೇಳುತ್ತಿತ್ತು. ಕೇಳಲು ಏನೂ ಅಲ್ಲ. ಆದರೆ ಚೌಕಟ್ಟಿನ ಕಾಲು 2.1 ಮೀಟರ್, ಅಂದರೆ ಮಟ್ಟದ ಏಳು ಪಟ್ಟು. ಒಂದು ಕಾಲಿಗೆ 7 ಮಿ.ಮೀ. ವಾಲು. ಎರಡೂ ಕಾಲುಗಳನ್ನು ಮಟ್ಟವನ್ನು ಒಂದೇ ರೀತಿ ಹಿಡಿದು ನೋಡಿದ್ದರೆ ಎರಡೂ ಒಂದೇ ಕಡೆಗೆ ವಾಲುತ್ತಿದ್ದವು, ಬಾಗಿಲು ತಾನಾಗಿ ತೂಗಾಡಿದರೂ ಮುಚ್ಚಿಕೊಳ್ಳುವುದಕ್ಕೆ ತಕರಾರು ಇರುತ್ತಿರಲಿಲ್ಲ. ನಾನು ಎಡಗಾಲಿಗೆ ಒಂದು ರೀತಿ, ಬಲಗಾಲಿಗೆ ತಿರುವಿ ಇನ್ನೊಂದು ರೀತಿ ಹಿಡಿದೆ. ಒಂದು 7 ಮುಂದಕ್ಕೆ, ಇನ್ನೊಂದು 7 ಹಿಂದಕ್ಕೆ. ಆಚಾರಿ ಈ ಲೆಕ್ಕ ಬಿಡಿಸಿ ಹೇಳಿದಾಗ ನಾಚಿಕೆಯ ಜೊತೆ ಒಂದು ಬಗೆಯ ಸಂತೋಷವೂ ಆಯಿತು, ಕಳ್ಳ ಸಿಕ್ಕಿದ್ದ.

ನಿಮ್ಮ ರಸಮಟ್ಟವನ್ನು ಈಗಲೇ ಪರೀಕ್ಷಿಸಿ. ಗೋಡೆಗೆ ಒತ್ತಿ ಗುಳ್ಳೆ ಎಲ್ಲಿದೆ ನೋಡಿ, ಆಮೇಲೆ ಅದೇ ಜಾಗದಲ್ಲಿ ತಲೆಕೆಳಗು ಮಾಡಿ ಅದೇ ಅಂಚನ್ನು ಒತ್ತಿ ಹಿಡಿಯಿರಿ. ಗುಳ್ಳೆ ಮೊದಲಿದ್ದ ಕಡೆಯೇ ನಿಂತರೆ ಮಟ್ಟ ನಂಬಿಗಸ್ತ. ಇನ್ನೊಂದು ಕಡೆಗೆ ಸರಿದರೆ ಎಸೆಯಿರಿ. ಚೌಕಟ್ಟಿನ ಕಾಲಿಗಂತೂ ಗಿಡ್ಡ ಮಟ್ಟ ಬೇಡವೇ ಬೇಡ. ತೂಕದ ಗುಂಡು ಬಿಡಿ. ಮೇಲೆ ಒಂದು ಮೊಳೆ, ದಾರ, ಕೆಳಗೆ ಗುಂಡು. ಮೇಲೆ ದಾರಕ್ಕೂ ಮರಕ್ಕೂ ಎಷ್ಟು ಅಂತರವೋ ಕೆಳಗೂ ಅಷ್ಟೇ ಇರಬೇಕು. ಮುಖದ ಕಡೆಯಿಂದಲೂ ನೋಡಬೇಕು, ಪಕ್ಕದ ಕಡೆಯಿಂದಲೂ ನೋಡಬೇಕು. ಗುಂಡು ಏಣಿಯಿಂದ ಬಿದ್ದರೂ ಸುಳ್ಳು ಕಲಿಯುವುದಿಲ್ಲ. ಗಾಳಿಗೆ ತೂಗಾಡಿದರೆ ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗುವಂತೆ ಬಿಡಿ, ಬೇಗ ನಿಲ್ಲುತ್ತದೆ.

ಅದೇ ಚೌಕಟ್ಟಿನಲ್ಲಿ ಇನ್ನೊಂದು ಅನಾಹುತವೂ ಇತ್ತು. ಒಳಗಲ ಮೇಲೆ 806, ಕೆಳಗೆ 805, ನಡುವೆ 799 ಮಿ.ಮೀ. ಕಾಲುಗಳು ಹೊಟ್ಟೆ ಬಿಟ್ಟುಕೊಂಡಿದ್ದವು. ಕಾರಣ, ಗಾರೆ ತುಂಬುವಾಗ ಒಳಗೆ ಅಡ್ಡಕೋಲು ಕೊಟ್ಟಿರಲಿಲ್ಲ. ಗೋಡೆಗೂ ಚೌಕಟ್ಟಿಗೂ ನಡುವೆ ಗಾರೆಯನ್ನು ಕರಣೆಯಿಂದ ಜಡಿಯುವಾಗ ಕಾಲು ಒಳಗೆ ಬಾಗುತ್ತದೆ, ಹಾಗೆಯೇ ಗಟ್ಟಿಯಾಗುತ್ತದೆ. ಉಬ್ಬುವ ಫೋಮ್ ಹಾಕುವವರು ಇನ್ನೂ ಜೋಪಾನ, ಅದು ಸದ್ದಿಲ್ಲದೆ ರಾತ್ರಿಯೆಲ್ಲ ತಳ್ಳುತ್ತಿರುತ್ತದೆ. ಮೇಲಿನ ಅಡ್ಡಪಟ್ಟಿಯ ಹತ್ತಿರ ಒಳಗಲ ಎಷ್ಟಿದೆಯೋ ಅಷ್ಟೇ ಉದ್ದಕ್ಕೆ ರೀಪರು ಕತ್ತರಿಸಿ ಬುಡದಲ್ಲೊಂದು, ನಡುವೆ ಒಂದೆರಡು ಕೊಟ್ಟು, ಗಾರೆ ಪೂರಾ ಬಿಗಿಯುವವರೆಗೆ ತೆಗೆಯಬೇಡಿ. ಬೆಣೆಗಳನ್ನೂ ಒಂಟಿಯಾಗಿ ಬಡಿಯಬಾರದು. ಎದುರುಬದುರು ಜೋಡಿ ಬೆಣೆ ಕೊಟ್ಟರೆ ಕಾಲು ನೇರ ತಳ್ಳಲ್ಪಡುತ್ತದೆ. ಒಂದೇ ಬೆಣೆಯಾದರೆ ಮರ ತನ್ನ ಸುತ್ತ ತಿರುಗುತ್ತದೆ. ಹಿಂಜ್ ಬರುವ ಜಾಗದ ಹಿಂದೆ ಬೆಣೆ ಅಥವಾ ಗಟ್ಟಿ ಗಾರೆ ಇರಲೇಬೇಕು, ಟೊಳ್ಳು ಬಿಟ್ಟರೆ ಬಾಗಿಲಿನ ಭಾರಕ್ಕೆ ಚೌಕಟ್ಟೇ ಆಡತೊಡಗುತ್ತದೆ.

ನೆಲದ ಮಟ್ಟದ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಯಾಕೆಂದರೆ ನೆನೆದರೆ ಹೊಟ್ಟೆ ಉರಿಯುತ್ತದೆ. ಟೈಲ್ಸ್ ಹಾಕುವ ಮೊದಲು ಚೌಕಟ್ಟು ನಿಲ್ಲಿಸಿದೆವು, ಟೈಲ್ಸಿನ ದಪ್ಪ ಮತ್ತು ಅದರ ಕೆಳಗಿನ ಗಾರೆಯನ್ನು ಯಾರೂ ಲೆಕ್ಕ ಹಿಡಿಯಲಿಲ್ಲ. ಕೊನೆಗೆ ಒಂದು ಬಾಗಿಲನ್ನು ಕೆಳಗಿನಿಂದ 4 ಸೆ.ಮೀ. ಕತ್ತರಿಸಬೇಕಾಯಿತು, ಕೆಳಗಿನ ಮರದ ಪಟ್ಟಿ ಪೂರ್ತಿ ಹೋಗಿ ಒಳಗಿನ ಟೊಳ್ಳು ಬಾಯಿ ತೆರೆಯಿತು. ಕತ್ತರಿಸಿದ ಪಟ್ಟಿಯ ಮೇಲಿನ ಪ್ಲೈ ಕಿತ್ತು, ಅಂಟು ಹಚ್ಚಿ ಮತ್ತೆ ಒಳಗೆ ಸೇರಿಸಿದೆವು. ಮುಗಿದ ನೆಲದಿಂದ ಸರಿಯಾಗಿ 1 ಮೀಟರ್ ಮೇಲೆ ಎಲ್ಲ ಗೋಡೆಗೂ ಒಂದು ಗೆರೆ ಎಳೆದುಕೊಂಡು, ಚೌಕಟ್ಟನ್ನು ಆ ಗೆರೆಯಿಂದ ಅಳೆದು ನಿಲ್ಲಿಸಿ. ಮುಗಿದ ನೆಲ ಇನ್ನೂ ಇಲ್ಲದಿದ್ದರೂ ಗೆರೆ ಇರುತ್ತದೆ.

ಈಗ ಹಿಂಜ್ ವಿಷಯ. ಬಾಗಿಲು ಕೂರಿಸಲು ಬಂದಿದ್ದ ಹುಡುಗನ ಕೈ ಚುರುಕು. ಅಷ್ಟು ಚುರುಕು ಯಾಕೆಂದರೆ ಸ್ಕ್ರೂಗಳನ್ನು ಸುತ್ತಿಗೆಯಿಂದ ಹೊಡೆದು ಕೊನೆಯ ಎರಡು ಸುತ್ತು ಮಾತ್ರ ತಿರುವುತ್ತಿದ್ದ. ನಾನು ಬೇರೆ ಕೋಣೆಯಲ್ಲಿದ್ದೆ, ಟಕಟಕ ಸದ್ದು ಕೇಳಿ "ಪಾಪ, ಎಷ್ಟು ಬೇಗ ಮಾಡುತ್ತಿದ್ದಾನೆ" ಎಂದುಕೊಂಡೆ. ಹೊಡೆದ ಸ್ಕ್ರೂ ಮರದ ನಾರನ್ನು ಹರಿದುಕೊಂಡು ಹೋಗುತ್ತದೆ. ಅದರ ಸುರುಳಿಗೆ ಕಚ್ಚಿಕೊಳ್ಳಲು ಏನೂ ಉಳಿಯುವುದಿಲ್ಲ. ಆರು ತಿಂಗಳಲ್ಲಿ ಮೇಲಿನ ಹಿಂಜ್ ಸಡಿಲವಾಗಿ ಬಾಗಿಲು ಬೀಗದ ಕಡೆ ಜೋತು ನೆಲ ಗೀಚತೊಡಗಿತು.

ಮೇಲಿನ ಹಿಂಜೇ ಯಾಕೆ ಮೊದಲು ಸೋಲುತ್ತದೆ? 30 ಕಿಲೋ ತೂಕದ, 80 ಸೆ.ಮೀ. ಅಗಲದ ಬಾಗಿಲು ಎಂದುಕೊಳ್ಳಿ. ಅದರ ಭಾರ ಹಿಂಜಿನಿಂದ 40 ಸೆ.ಮೀ. ದೂರದಲ್ಲಿ ತೂಗುತ್ತಿರುತ್ತದೆ. ಮೇಲಿನ ಹಿಂಜಿಗೂ ಕೆಳಗಿನದಕ್ಕೂ 160 ಸೆ.ಮೀ. ಅಂತರವಿದ್ದರೆ ಮೇಲಿನದನ್ನು ಸುಮಾರು ಏಳೂವರೆ ಕಿಲೋ ಭಾರ ಹಗಲೂ ರಾತ್ರಿ ಚೌಕಟ್ಟಿನಿಂದ ಹೊರಕ್ಕೆ ಎಳೆಯುತ್ತಿರುತ್ತದೆ. ಕೆಳಗಿನದನ್ನು ಅಷ್ಟೇ ಬಲ ಒಳಕ್ಕೆ ಒತ್ತುತ್ತದೆ, ಹಾಗಾಗಿ ಅದರ ಸ್ಕ್ರೂಗೆ ನೆಮ್ಮದಿ. ಹಿಂಜುಗಳ ನಡುವಿನ ಅಂತರ ಕಡಿಮೆ ಮಾಡಿದಷ್ಟೂ ಈ ಎಳೆತ ಹೆಚ್ಚು. ಮೇಲಿನ ಹಿಂಜನ್ನು ತಲೆಯಿಂದ 15ರಿಂದ 18 ಸೆ.ಮೀ. ಕೆಳಗೆ, ಕೆಳಗಿನದನ್ನು ಬುಡದಿಂದ 22ರಿಂದ 25 ಸೆ.ಮೀ. ಮೇಲೆ ಇಡುವ ರೂಢಿ ಒಳ್ಳೆಯದೇ. ಭಾರದ ಬಾಗಿಲಿಗೆ ಮೂರನೆಯ ಹಿಂಜ್ ಇಲ್ಲದೆ ಒಪ್ಪಬೇಡಿ.

ಸ್ಕ್ರೂ ದಿಂಡಿಗಿಂತ ತೆಳುವಾದ ಡ್ರಿಲ್ ಬಿಟ್ಟಿನಿಂದ ಮೊದಲು ತೂತು ಮಾಡಿಸಿ. ಗಟ್ಟಿ ಮರಕ್ಕೆ ಹಿತ್ತಾಳೆ ಸ್ಕ್ರೂ ಹಾಕುವುದಾದರೆ ಅದೇ ಅಳತೆಯ ಉಕ್ಕಿನ ಸ್ಕ್ರೂ ಒಮ್ಮೆ ಹಾಕಿ ತೆಗೆದು ದಾರಿ ಮಾಡಿ, ಆಮೇಲೆ ಹಿತ್ತಾಳೆಯದಕ್ಕೆ ಸೋಪು ಸವರಿ ತಿರುವಿ. ಇಲ್ಲದಿದ್ದರೆ ತಲೆ ಮುರಿದು ದಿಂಡು ಒಳಗೇ ಉಳಿಯುತ್ತದೆ. ಹಿಂಜಿಗೆ ಒಂದೊಂದೇ ಸ್ಕ್ರೂ ಹಾಕಿ ಬಾಗಿಲು ಆಡಿಸಿ ನೋಡುವವನೇ ನಿಜವಾದ ಕೆಲಸಗಾರ. ಮೊದಲೇ ಎಲ್ಲ ಬಿಗಿದುಬಿಟ್ಟರೆ ತಿದ್ದುವುದಕ್ಕೆ ಮರವೇ ಉಳಿದಿರುವುದಿಲ್ಲ.

ಹಿಂಜಿನ ಎಲೆ ಕೂರುವ ತೋಡು ಎಲೆಯ ದಪ್ಪಕ್ಕೆ ಸರಿಯಾಗಿರಬೇಕು. ಹೆಚ್ಚು ಆಳ ತೋಡಿದರೆ ಬಾಗಿಲಿನ ಹಿಂಜ್ ಅಂಚು ಚೌಕಟ್ಟಿಗೆ ಒತ್ತಿಕೊಂಡು, ಮುಚ್ಚಿದ ಬಾಗಿಲು ಸ್ಪ್ರಿಂಗಿನಂತೆ ಹಿಂದಕ್ಕೆ ಜಿಗಿಯುತ್ತದೆ. ಜನ ಇದನ್ನೂ ಬೀಗದ ಕಡೆಯ ಉಜ್ಜಾಟ ಎಂದು ತಿಳಿದು ಹೆರೆಯುತ್ತಾರೆ! ಎಲೆಯ ಹಿಂದೆ ಒಂದು ರಟ್ಟಿನ ತುಂಡು ಇಟ್ಟರೆ ಮುಗಿಯುವ ಕೆಲಸ ಅದು. ಸ್ಕ್ರೂ ತಲೆ ಉಬ್ಬಿ ನಿಂತಿದ್ದರೂ ಎಲೆಗಳು ಪೂರ್ತಿ ಮಡಚಿಕೊಳ್ಳದೆ ಇದೇ ಲಕ್ಷಣ ಕಾಣುತ್ತದೆ.

ನಿಜವಾಗಿಯೂ ಹೆರೆಯಬೇಕಾದ ಬಾಗಿಲೂ ಇರುತ್ತದೆ, ಇಲ್ಲ ಎನ್ನುವುದಿಲ್ಲ. ನಮ್ಮ ಮುಂಬಾಗಿಲು ಗಟ್ಟಿ ಮರದ್ದು. ಮಳೆಗಾಲದಲ್ಲಿ ಬಿಗಿಯಾಯಿತೆಂದು ಸಲೀಸಾಗಿ ಆಡುವಷ್ಟು ಹೆರೆದೆ. ಬೇಸಿಗೆಯಲ್ಲಿ ಪೆನ್ಸಿಲ್ ತೂರುವಷ್ಟು ಸಂದು ಬಿತ್ತು. ಮರ ತೇವ ಕುಡಿದಾಗ ನಾರಿಗೆ ಅಡ್ಡಲಾಗಿ ಹಿಗ್ಗುತ್ತದೆ, ಉದ್ದಕ್ಕೆ ಲೆಕ್ಕಕ್ಕಿಲ್ಲದಷ್ಟು. ಅದಕ್ಕೇ ಬಾಗಿಲಿನ ಅಗಲ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಎತ್ತರ ಬದಲಾಗುವುದಿಲ್ಲ. ಒದ್ದೆ ದಿನಗಳಲ್ಲಿ ಹೆರೆದರೆ ಉಜ್ಜುವುದು ನಿಲ್ಲುವಷ್ಟು ಮಾತ್ರ; 2ರಿಂದ 3 ಮಿ.ಮೀ. ಸಂದಿನ ಲೆಕ್ಕ ಒಣ ದಿನಗಳಿಗೆ. ಬೀಗದ ಕಡೆಯ ಅಂಚನ್ನು ಚೌಕಟ್ಟಿನ ಒಳಗೆ ಹೋಗುವ ಮುಖದ ಕಡೆಗೆ ತುಸು ಇಳಿಜಾರಾಗಿ, 35 ಮಿ.ಮೀ. ದಪ್ಪಕ್ಕೆ ಹೆಚ್ಚುಕಡಿಮೆ 2 ಮಿ.ಮೀ. ಹೆರೆದರೆ ಸಂದು ಸಣ್ಣದಿದ್ದರೂ ಮೂಲೆ ತಗಲುವುದಿಲ್ಲ. ಹೆರೆದ ಅಂಚನ್ನು ಅವತ್ತೇ ಬಣ್ಣದಿಂದಲೋ ಪಾಲಿಶಿನಿಂದಲೋ ಮುಚ್ಚಿ. ನಮ್ಮ ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಯಾರೂ ಬಣ್ಣ ಮುಟ್ಟಿಸಿರಲಿಲ್ಲ, ಕಣ್ಣಿಗೆ ಕಾಣದಲ್ಲ ಎಂದು. ನೀರು ಕುಡಿಯುವ ಬಾಯಿಯೇ ಅದು. ಬುಡದಂಚು ನೋಡಬೇಕಾದರೆ ಒಂದು ಸಣ್ಣ ಕನ್ನಡಿಯನ್ನು ನೆಲದ ಮೇಲೆ ಜಾರಿಸಿ.

ಕೆಲಸ ಒಪ್ಪಿಸಿಕೊಳ್ಳುವಾಗ ಬಾಗಿಲು ಮುಚ್ಚಿ ತೆಗೆದು ಮಾತ್ರ ನೋಡಬೇಡಿ. ಅರ್ಧ ತೆರೆದು ಕೈ ಬಿಡಿ, ನಿಂತಲ್ಲೇ ನಿಲ್ಲಬೇಕು. ತಾನಾಗಿ ಹೊರಟರೆ ಹಿಂಜ್ ಕಡೆಯ ಕಾಲು ವಾಲಿದೆ. ಚೌಕಟ್ಟಿನ ಪರೀಕ್ಷೆಯನ್ನಂತೂ ಗಾರೆ ಹಸಿಯಿರುವಾಗಲೇ ಮಾಡಬೇಕು, ಆಗ ಒಂದು ಬೆಣೆ ಸಡಿಲಿಸಿದರೆ ಆಯಿತು. ಒಣಗಿದ ಮೇಲೆ ಆಚಾರಿಗೆ ಉಳಿದದ್ದು ಎರಡೇ ದಾರಿ: ಹಿಂಜುಗಳನ್ನು ಒಂದೆರಡು ಮಿ.ಮೀ. ಮುಂದೆ ಹಿಂದೆ ಸರಿಸಿ ತಿರುಚನ್ನು ಹಂಚಿ ಅಡಗಿಸುವುದು, ಇಲ್ಲವೇ ಒಡೆಯುವುದು. 14 ಮಿ.ಮೀ. ಅಡಗುವ ಅಳತೆಯಲ್ಲ. ಗೋಡೆಯ ಪ್ಲಾಸ್ಟರ್ ಸಮೇತ ಒಡೆದೆವು.

ಹೊಸ ಚೌಕಟ್ಟು ನಿಲ್ಲಿಸಿದ ದಿನ ಅವರು ಗುಂಡು ಬಿಟ್ಟರು, ನಾನು ದಾರ ಹಿಡಿದೆ. ರಸಮಟ್ಟ ಕೊಡಲು ಹೋದರೆ "ಅದನ್ನ ಆಚೆ ಇಡಿ ಸಾರ್" ಎಂದು ನಕ್ಕರು. ಆಮೇಲೆ ಉಳಿದ ಚೌಕಟ್ಟುಗಳಿಗೂ ದಾರ ಕಟ್ಟಿಸಿದೆ. ಸ್ನಾನದ ಕೋಣೆಯದರಲ್ಲಿ ನಡುವೆ 2 ಮಿ.ಮೀ. ಇದೆ, ಅಂದರೆ ಮೂಲೆಯಲ್ಲಿ 4. ಒಂದು ಹಿಂಜನ್ನು ತುಸು ಸರಿಸಿ ಅದನ್ನು ಹಾಗೆಯೇ ಬಿಟ್ಟಿದ್ದೇನೆ.